ಟ, ಡ, ಣಗಳಿಗೆ ಮಿದುಳಿನ ಹೆಸರು ಬಂದದ್ದು ಹೇಗೆ?

ಪ್ರಶ್ನೆ: ಹಳೆಯ ಸಂಸ್ಕೃತ–ಇಂಗ್ಲಿಷ್ ನಿಘಂಟೊಂದರಲ್ಲಿ ಟ, ಡ, ಣ ಅಕ್ಷರಗಳನ್ನು ‘ಸೆರೆಬ್ರಲ್’ ಎಂದು ಕರೆದಿರುವುದನ್ನು ಕಂಡೆ. ಈ ಪದಕ್ಕೆ ‘ಮಿದುಳಿಗೆ ಸಂಬಂಧಿಸಿದ್ದು’ ಎಂದಲ್ಲವೆ ಅರ್ಥ? ಈಗಿನ ಧ್ವನಿವಿಜ್ಞಾನದ ಪುಸ್ತಕಗಳಲ್ಲಿ ಇದೇ ಅಕ್ಷರಗಳಿಗೆ ‘ರೆಟ್ರೋಫ್ಲೆಕ್ಸ್’ ಎಂಬ ಹೆಸರಿದೆ. ಎರಡೂ ಒಂದೆಯೆ? ನಾಲಗೆಯಿಂದ ಹುಟ್ಟುವ ಧ್ವನಿಗೆ ಮಿದುಳಿನ ಹೆಸರು ಅಂಟಿಕೊಂಡದ್ದು ಹೇಗೆ? ಈ ಧ್ವನಿಗಳ ಕಂಪನ ಮಿದುಳನ್ನು ತಟ್ಟುತ್ತದೆ, ಪ್ರಾಚೀನರಿಗೆ ಅದು ಗೊತ್ತಿತ್ತು ಎಂದು ಪರಿಚಿತರೊಬ್ಬರು ಹೇಳಿದರು. ಅದರಲ್ಲಿ ಹುರುಳಿದೆಯೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಹುರುಳಿಲ್ಲ. ‘ಸೆರೆಬ್ರಲ್’ ಎಂಬ ಹೆಸರು ಸಂಸ್ಕೃತದ ‘ಮೂರ್ಧನ್ಯ’ ಎಂಬ ಪಾರಿಭಾಷಿಕ ಪದವನ್ನು ಯುರೋಪಿನ ವಿದ್ವಾಂಸರು ಅನುವಾದಿಸುವಾಗ ಆದ ಎಡವಟ್ಟಿನಿಂದ ಹುಟ್ಟಿತು. ಮೂಲದಲ್ಲಿ ಮಿದುಳಿನ ಪ್ರಸ್ತಾಪವೇ ಇಲ್ಲ. ‘ರೆಟ್ರೋಫ್ಲೆಕ್ಸ್’ ಅದೇ ಧ್ವನಿಗಳಿಗೆ ಆಮೇಲೆ ಬಂದ, ಹೆಚ್ಚು ಸರಿಯಾದ ಹೆಸರು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಈ ಪದಕ್ಕೆ ಅನ್ಯಾಯ ಮಾಡಿದಂತೆ. ಒಂದು ಶಾಸ್ತ್ರದ ಮಾತು ಇನ್ನೊಂದು ಭಾಷೆಗೆ ದಾಟುವಾಗ ಅರ್ಧ ಹಾದಿಯಲ್ಲಿ ಏನು ಉದುರಿಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪದಗಳ ಗೊಡವೆಗೆ ಹೋಗುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ‘ತ್’ ಎಂದು ಹೇಳಲು ಹೊರಟು, ಗಾಳಿಯನ್ನು ಬಿಡದೆ, ನಾಲಗೆ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ. ಅದರ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ಒತ್ತಿಕೊಂಡಿರುತ್ತದೆ. ಈಗ ‘ಟ್’ ಎನ್ನಲು ಹೊರಟು ಹಾಗೆಯೇ ನಿಲ್ಲಿಸಿ. ತುದಿ ಮೇಲಕ್ಕೆದ್ದು ಹಿಂದಕ್ಕೆ ಸುರುಳಿಯಾಗಿದೆ. ಹಲ್ಲು ದೂರ ಉಳಿದಿದೆ, ವಸಡಿನ ಹಿಂದಿನ ಉಬ್ಬನ್ನೂ ದಾಟಿ ಬಾಯಿಯ ಚಾವಣಿ ಕಮಾನಿನಂತೆ ಮೇಲೇರುವ ಜಾಗಕ್ಕೆ ನಾಲಗೆ ತಾಗಿದೆ. ಇನ್ನೂ ಗಮನ ಕೊಟ್ಟರೆ, ಅಲ್ಲಿ ತಾಗಿರುವುದು ತುದಿಯಷ್ಟೇ ಅಲ್ಲ, ತುದಿಯ ಕೆಳಮೈ ಕೂಡ ಎಂಬುದು ತಿಳಿಯುತ್ತದೆ. ದ್ರಾವಿಡ ಭಾಷೆಗಳನ್ನು ಆಡುವವರ ಬಾಯಲ್ಲಿ ಈ ಸುರುಳಿ ಸಾಮಾನ್ಯವಾಗಿ ಗಾಢವಾಗಿರುತ್ತದೆ.

ಇದನ್ನು ಕಣ್ಣಿಂದ ನೋಡುವ ಉಪಾಯವೂ ಇದೆ. ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನಾಲಗೆಯ ತುದಿಗೂ ಅದರ ಕೆಳಮೈಗೂ ಕುಂಚದಿಂದ ಸವರುತ್ತಾರೆ. ಒಂದೇ ಒಂದು ಸಲ ‘ಅಟ’ ಎಂದು ಹೇಳಿಸಿ, ಬಾಯಿ ತೆರೆಸಿ, ಒಳಗೆ ಪುಟ್ಟ ಕನ್ನಡಿ ಹಿಡಿಯುತ್ತಾರೆ. ಕೆಂಪು ಅಂಗುಳಿನ ಮೇಲೆ, ಹಲ್ಲಿನ ಸಾಲಿನಿಂದ ಸಾಕಷ್ಟು ಹಿಂದೆ, ಕಪ್ಪು ಕಲೆಯೊಂದು ಮೂಡಿರುತ್ತದೆ. ಬಾಯಿ ತೊಳೆದು, ಮತ್ತೆ ಸವರಿ, ಈ ಸಲ ‘ಅತ’ ಎಂದು ಹೇಳಿಸಿದರೆ ಕಲೆ ಹಲ್ಲಿನ ಹಿಂಬದಿಗೆ ಜಿಗಿದಿರುತ್ತದೆ. ಧ್ವನಿವಿಜ್ಞಾನ ಕಲಿಯಲು ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಹುಟ್ಟಿದಾಗಿನಿಂದ ಆಡುತ್ತ ಬಂದ ಎರಡು ಅಕ್ಷರಗಳ ನಡುವಿನ ಅಂತರವನ್ನು ಮೊದಲ ಸಲ ಕಣ್ಣಾರೆ ಕಂಡವರ ಮುಖದ ಬೆರಗು ಎಷ್ಟು ವರ್ಷ ಕಳೆದರೂ ನನಗೆ ಹಳೆಯದಾಗಿಲ್ಲ.

‘ಅಟ’ ಎಂದಾಗ ಆ ಕಪ್ಪು ಕಲೆ ಬಿದ್ದ ಜಾಗವೇ ಮೂರ್ಧ.

ಸಂಸ್ಕೃತದಲ್ಲಿ ‘ಮೂರ್ಧನ್’ ಎಂದರೆ ತಲೆ, ನೆತ್ತಿ. ಹಾಗೆಯೇ ಯಾವುದೇ ವಸ್ತುವಿನ ತುದಿ, ಶಿಖರ, ಎಲ್ಲಕ್ಕಿಂತ ಎತ್ತರದ ಭಾಗ. ಈ ಎರಡನೆಯ ಅರ್ಥ ತೀರ ಹಳೆಯದು. ಋಗ್ವೇದದ ಎಂಟನೆಯ ಮಂಡಲದ ಮಂತ್ರವೊಂದು ‘ಅಗ್ನಿರ್ಮೂರ್ಧಾ ದಿವಃ ಕಕುತ್’ ಎಂದು ಆರಂಭವಾಗುತ್ತದೆ. ಅಗ್ನಿಯು ಆಕಾಶದ ನೆತ್ತಿ, ಅದರ ಶಿಖರ ಎಂದು ಅರ್ಥ. ಆಕಾಶಕ್ಕೆ ಮೂರ್ಧವಿದ್ದರೆ ಬಾಯಿಗೂ ಮೂರ್ಧ ಇರಬಹುದಲ್ಲ. ಕನ್ನಡದಲ್ಲಿ ನಾವು ‘ಮೂರ್ಧನ್ಯ ಕವಿ’ ಎನ್ನುವಾಗ ಆ ಕವಿಯ ತಲೆಬುರುಡೆ ನಮ್ಮ ಮನಸ್ಸಿನಲ್ಲಿರುವುದಿಲ್ಲ. ಎಲ್ಲರಿಗಿಂತ ಮೇಲೆ ನಿಂತವರು ಎಂಬ ಅರ್ಥ ಮಾತ್ರ ಇರುತ್ತದೆ.

ಪಾರಿಭಾಷಿಕ ಪದವಾಗಿಯೂ ಮೂರ್ಧನ್ಯಕ್ಕೆ ದೀರ್ಘ ಆಯುಸ್ಸು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ‘ಅಪದಾಂತಸ್ಯ ಮೂರ್ಧನ್ಯಃ’ ಎಂಬ ಸೂತ್ರ ಬರುತ್ತದೆ. ಪದದ ಕೊನೆಯಲ್ಲಿಲ್ಲದ ಸಕಾರ ಕೆಲವು ಸನ್ನಿವೇಶಗಳಲ್ಲಿ ಷಕಾರವಾಗುವ ಪ್ರಕರಣ ಅದು. ಪಾಣಿನಿ ಇಲ್ಲಿ ಪದವನ್ನು ವಿವರಿಸುವುದಿಲ್ಲ, ಎಲ್ಲರಿಗೂ ತಿಳಿದದ್ದು ಎಂಬಂತೆ ಬಳಸಿ ಮುಂದೆ ಹೋಗುತ್ತಾನೆ. ವ್ಯಾಕರಣ ಓದಿದವರೆಲ್ಲ ಬಾಯಿಪಾಠ ಮಾಡಿರುವ ‘ಋಟುರಷಾಣಾಂ ಮೂರ್ಧಾ’ ಎಂಬ ವಾಕ್ಯ ನಿಮಗೂ ಪರಿಚಿತವಿರಬಹುದು. ಋ, ಟವರ್ಗ, ರ, ಷ ಇವುಗಳ ಸ್ಥಾನ ಮೂರ್ಧ ಎಂದು ಅದರ ಅರ್ಥ. ಅಲ್ಲಿರುವ ‘ಟು’ ಒಂದು ಸಂಕೇತ, ಉಕಾರ ಹಚ್ಚಿದ್ದರಿಂದ ಇಡೀ ವರ್ಗವನ್ನು ಹೇಳುತ್ತದೆ.

ಈಗ ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿದ್ವಾಂಸನ ಜಾಗದಲ್ಲಿ ಕುಳಿತು ನೋಡೋಣ. ಅವನ ಮುಂದೆ ಸಂಸ್ಕೃತದ ವರ್ಣಮಾಲೆ ಇದೆ. ಗ್ರೀಕ್, ಲ್ಯಾಟಿನ್ ವ್ಯಾಕರಣಗಳಲ್ಲಿ ಅವನು ಕಂಡ ಅಕ್ಷರಮಾಲೆಯಂತಲ್ಲ ಇದು. ಧ್ವನಿ ಬಾಯಲ್ಲಿ ಎಲ್ಲಿ ಹುಟ್ಟುತ್ತದೆಯೋ ಆ ಕ್ರಮದಲ್ಲೇ, ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಜೋಡಿಸಿಟ್ಟ ಅಕ್ಷರಗಳು. ಒಂದೊಂದು ಸಾಲಿಗೂ ಸ್ಥಾನದ ಹೆಸರು. ಕಂಠ್ಯವನ್ನು ಅವನು ‘ಗಟ್ಟುರಲ್’ ಎಂದ, ಲ್ಯಾಟಿನ್ನಿನ ‘ಗುಟ್ಟುರ್’ ಎಂದರೆ ಗಂಟಲು. ತಾಲವ್ಯ ‘ಪ್ಯಾಲಟಲ್’ ಆಯಿತು, ‘ಪಲಾಟುಮ್’ ಎಂದರೆ ಅಂಗುಳು. ದಂತ್ಯ ‘ಡೆಂಟಲ್’, ಓಷ್ಠ್ಯ ‘ಲೇಬಿಯಲ್’. ನಾಲ್ಕೂ ಪದಗಳು ಸಲೀಸಾಗಿ ದಾಟಿದವು. ಗಂಟಲು, ಅಂಗುಳು, ಹಲ್ಲು, ತುಟಿ ಎಲ್ಲರ ಬಾಯಲ್ಲೂ ಇರುವಂಥವು, ಎಲ್ಲ ಭಾಷೆಗಳಲ್ಲೂ ಹೆಸರಿರುವಂಥವು.

ಐದನೆಯದು ಮೂರ್ಧನ್ಯ. ನಿಘಂಟು ತೆರೆದರೆ ಮೂರ್ಧನ್ ಎಂದರೆ ತಲೆ. ತಲೆಯಲ್ಲಿ ಹುಟ್ಟುವ ಧ್ವನಿ! ಅದೇ ಅಚ್ಚಿನಲ್ಲಿ ಲ್ಯಾಟಿನ್ ಮೂಲದ ವಿಶೇಷಣವೊಂದು ಬೇಕು. ‘ಕಾಪುಟ್’ ಎಂಬ ಪದಕ್ಕೆ ತಲೆ ಎಂದೇ ಅರ್ಥ, ಆದರೆ ಅದರಿಂದ ಬಂದ ‘ಕ್ಯಾಪಿಟಲ್’ ಆಗಲೇ ದೊಡ್ಡಕ್ಷರಕ್ಕೂ ರಾಜಧಾನಿಗೂ ಮೀಸಲಾಗಿತ್ತು. ಬಳಕೆಗೆ ಬಂದದ್ದು ‘ಸೆರೆಬ್ರುಮ್’ ಎಂಬುದರಿಂದ ಹುಟ್ಟಿದ ‘ಸೆರೆಬ್ರಲ್’. ತೊಂದರೆ ಇರುವುದು ಇಲ್ಲಿಯೇ. ‘ಸೆರೆಬ್ರುಮ್’ ತಲೆಯಲ್ಲ, ತಲೆಯೊಳಗಿನ ಮಿದುಳು. ಶಿಖರ ತಲೆಯಾಯಿತು, ತಲೆ ಮಿದುಳಾಯಿತು. ಎರಡೇ ಹೆಜ್ಜೆಯಲ್ಲಿ ಬಾಯಿಯ ಚಾವಣಿಯ ಮೇಲಿದ್ದ ಪದ ತಲೆಬುರುಡೆಯೊಳಗೆ ಹೋಗಿ ಕುಳಿತಿತು.

ಅಲ್ಲಿಂದ ಅದು ಇಳಿಯಲೇ ಇಲ್ಲ. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ–ಇಂಗ್ಲಿಷ್ ನಿಘಂಟು ಮೊದಲು ಪ್ರಕಟವಾದದ್ದು 1872ರಲ್ಲಿ, ಪರಿಷ್ಕೃತ ರೂಪ 1899ರಲ್ಲಿ. ಇಂದಿಗೂ ಎಲ್ಲರ ಕೈಯಲ್ಲಿರುವ ಆ ನಿಘಂಟಿನಲ್ಲಿ ಟವರ್ಗದ ಅಕ್ಷರಗಳಿಗೆ ಇದೇ ಹೆಸರು. ನೀವು ಕಂಡ ನಿಘಂಟು ಇದೇ ಆಗಿರಬಹುದು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ, ಈ ಧ್ವನಿಗಳು ದ್ರಾವಿಡ ಭಾಷೆಗಳಿಗೆ ಮೂಲತಃ ಸೇರಿದವು ಎಂದು ವಾದಿಸಿದಾಗಲೂ ಆ ಚರ್ಚೆಯಲ್ಲಿ ಬಳಕೆಯಾದ ಹೆಸರು ‘ಸೆರೆಬ್ರಲ್’. ಮಿದುಳಿನ ಕಾಯಿಲೆಗಳಿಗೂ ಟ, ಡ, ಣಗಳಿಗೂ ಒಂದೇ ವಿಶೇಷಣ! ಸುಮಾರು ನೂರು ವರ್ಷ ಯಾರಿಗೂ ಅದು ಅಷ್ಟಾಗಿ ಚುಚ್ಚಲಿಲ್ಲ.

ಮೂಲಗ್ರಂಥಗಳು ಅಸ್ಪಷ್ಟವಾಗಿದ್ದವೆ? ಖಂಡಿತ ಇಲ್ಲ. ವೇದದ ಒಂದೊಂದು ಶಾಖೆಯ ಉಚ್ಚಾರಣೆಯ ನಿಯಮಗಳನ್ನು ಹೇಳುವ ಹಳೆಯ ಗ್ರಂಥಗಳಿಗೆ ಪ್ರಾತಿಶಾಖ್ಯ ಎಂದು ಹೆಸರು. ತೈತ್ತಿರೀಯ ಪ್ರಾತಿಶಾಖ್ಯದ ಎರಡನೆಯ ಅಧ್ಯಾಯದಲ್ಲಿ ಒಂದು ಸೂತ್ರವಿದೆ: ‘ಜಿಹ್ವಾಗ್ರೇಣ ಪ್ರತಿವೇಷ್ಟ್ಯ ಮೂರ್ಧನಿ ಟವರ್ಗೇ’. ಟವರ್ಗವನ್ನು ಉಚ್ಚರಿಸುವಾಗ ನಾಲಗೆಯ ತುದಿಯನ್ನು ಹಿಂದಕ್ಕೆ ಸುರುಳಿ ಮಾಡಿ ಅದರಿಂದ ಮೂರ್ಧವನ್ನು ಮುಟ್ಟಬೇಕು ಎಂದು ತಾತ್ಪರ್ಯ. ನಾಲ್ಕೇ ಪದಗಳು. ಯಾವುದರಿಂದ ಮುಟ್ಟಬೇಕು, ಹೇಗೆ ಮುಟ್ಟಬೇಕು, ಎಲ್ಲಿ ಮುಟ್ಟಬೇಕು, ಯಾವ ಅಕ್ಷರಗಳಿಗೆ ಎಂಬ ನಾಲ್ಕೂ ಅದರಲ್ಲಿವೆ. ನೀವು ಈಗಷ್ಟೇ ‘ಟ್’ ಎನ್ನಲು ಹೋಗಿ ನಿಲ್ಲಿಸಿದಾಗ ಬಾಯೊಳಗೆ ಕಂಡದ್ದು ಇದನ್ನೇ. ಇದ್ದಿಲು ಕನ್ನಡಿ ಏನೂ ಇಲ್ಲದೆ, ತನ್ನ ನಾಲಗೆಯನ್ನೇ ಉಪಕರಣ ಮಾಡಿಕೊಂಡು ಯಾರೋ ಒಬ್ಬರು ಇಷ್ಟನ್ನು ಗುರುತಿಸಿ ಇಷ್ಟು ಚೊಕ್ಕವಾಗಿ ಬರೆದಿಟ್ಟಿದ್ದಾರೆ. ಈ ಸೂತ್ರವನ್ನು ಓದಿದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಮೂರ್ಧ ಎಂದರೆ ಇಲ್ಲಿ ಏನು ಎಂಬುದರಲ್ಲೂ ಗೊಂದಲವಿಲ್ಲ. ಈ ಪ್ರಾತಿಶಾಖ್ಯಕ್ಕೆ ‘ತ್ರಿಭಾಷ್ಯರತ್ನ’ ಎಂಬ ವ್ಯಾಖ್ಯಾನವಿದೆ. ಮೂರ್ಧ ಶಬ್ದದಿಂದ ಇಲ್ಲಿ ಹೇಳಹೊರಟಿರುವುದು ಬಾಯಿಯ ಪೊಳ್ಳಿನ ಮೇಲ್ಭಾಗವನ್ನು ಎಂದು ಅದು ನೇರವಾಗಿ ತಿಳಿಸುತ್ತದೆ. ತಲೆಯಲ್ಲ, ಬಾಯಿಯ ಒಳಗಿನ ಶಿಖರ. ಯಾರಾದರೂ ತಪ್ಪು ತಿಳಿದಾರು ಎಂಬ ಅನುಮಾನ ವ್ಯಾಖ್ಯಾನಕಾರನಿಗೆ ಮೊದಲೇ ಬಂದಿತ್ತೋ ಏನೋ.

ಈ ಸೂತ್ರದ ಹಿಂದೆ ಒಂದು ತತ್ತ್ವವಿದೆ, ನಿಮ್ಮ ಪ್ರಶ್ನೆಯ ಬೇರು ಇರುವುದು ಅಲ್ಲಿಯೇ. ವೇದದ ಉಚ್ಚಾರಣೆಯನ್ನು ಕಲಿಸುವ ಶಿಕ್ಷಾಶಾಸ್ತ್ರ ಪ್ರತಿ ಧ್ವನಿಯನ್ನೂ ಎರಡು ಕಡೆಯಿಂದ ನೋಡುತ್ತದೆ. ಒಂದು ‘ಸ್ಥಾನ’, ಅಂದರೆ ಬಾಯಲ್ಲಿ ಅಲುಗಾಡದೆ ಇರುವ, ಮುಟ್ಟಿಸಿಕೊಳ್ಳುವ ಜಾಗ. ಇನ್ನೊಂದು ‘ಕರಣ’, ಅಂದರೆ ಚಲಿಸಿ ಹೋಗಿ ಮುಟ್ಟುವ ಅಂಗ. ಟಕಾರಕ್ಕೆ ಮೂರ್ಧ ಸ್ಥಾನ, ಸುರುಳಿಯಾದ ನಾಲಗೆಯ ತುದಿ ಕರಣ. ಅಥರ್ವವೇದದ ಪ್ರಾತಿಶಾಖ್ಯ ‘ಮೂರ್ಧನ್ಯಾನಾಂ ಜಿಹ್ವಾಗ್ರಂ ಪ್ರತಿವೇಷ್ಟಿತಮ್’ ಎಂದಾಗ ಹೇಳುತ್ತಿರುವುದು ಕರಣವನ್ನು. ಮೂರ್ಧನ್ಯಗಳಿಗೆ ಹಿಂದಕ್ಕೆ ಸುರುಳಿಯಾದ ನಾಲಗೆಯ ತುದಿಯೇ ಸಾಧನ ಎಂದು. ಹೆಸರು ಸ್ಥಾನದಿಂದ ಬಂತು, ವಿವರಣೆ ಕರಣದಿಂದ ಬಂತು. ಎರಡೂ ಸೇರಿದರೆ ಮಾತ್ರ ಧ್ವನಿ ಪೂರ್ತಿಯಾಗುತ್ತದೆ. ಯುರೋಪಿಗೆ ದಾಟಿದ್ದು ಹೆಸರು ಮಾತ್ರ. ಕರಣವನ್ನು ಕೈಬಿಟ್ಟು ಸ್ಥಾನವನ್ನು ಮಾತ್ರ ಎತ್ತಿಕೊಂಡದ್ದರಿಂದ ಆ ಸ್ಥಾನ ಎಲ್ಲಿದೆ ಎಂದು ಹುಡುಕಲು ಗುರುತೇ ಉಳಿಯಲಿಲ್ಲ. ‘ನಾಲಗೆಯ ತುದಿಯಿಂದ ಮುಟ್ಟಬೇಕು’ ಎಂಬ ಮಾತು ಜೊತೆಗಿದ್ದಿದ್ದರೆ ಅದು ಮಿದುಳಾಗಲು ಸಾಧ್ಯವೇ ಇಲ್ಲವೆಂದು ಯಾರಿಗಾದರೂ ಹೊಳೆಯುತ್ತಿತ್ತು.

ಆದರೂ ಆ ಅನುವಾದಕರನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಅವರ ಪರವಾಗಿ ಹೇಳಬೇಕಾದದ್ದೂ ಇದೆ. ಪಾಣಿನೀಯ ಶಿಕ್ಷೆ ಎಂದು ಹೆಸರಾದ ಗ್ರಂಥವು ವರ್ಣಗಳ ಎಂಟು ಸ್ಥಾನಗಳನ್ನು ಹೀಗೆ ಎಣಿಸುತ್ತದೆ: ಉರಸ್ಸು, ಕಂಠ, ಶಿರಸ್ಸು, ಜಿಹ್ವಾಮೂಲ, ದಂತ, ನಾಸಿಕ, ಓಷ್ಠ, ತಾಲು. ಮೂರ್ಧ ಇರಬೇಕಾದಲ್ಲಿ ಶಿರಸ್ಸು ಎಂದೇ ಇದೆ! ಅದೇ ಗ್ರಂಥದಲ್ಲಿ ಧ್ವನಿ ಹುಟ್ಟುವ ಬಗೆಯ ವರ್ಣನೆಯೂ ಬರುತ್ತದೆ. ಒಳಗಿನಿಂದ ಮೇಲೆದ್ದ ಗಾಳಿ ಮೂರ್ಧಕ್ಕೆ ಬಡಿದು, ಬಾಯಿಗೆ ಬಂದು, ವರ್ಣಗಳನ್ನು ಹುಟ್ಟಿಸುತ್ತದೆ ಎಂದು ಅಲ್ಲಿ ಹೇಳಿದೆ. ಈ ಮೂರ್ಧ ಟವರ್ಗಕ್ಕೆ ಮಾತ್ರ ಸೇರಿದ್ದಲ್ಲ, ಎಲ್ಲ ವರ್ಣಗಳಿಗೂ ಸಮಾನ. ಗಾಳಿ ಅದಕ್ಕೆ ಬಡಿದ ಮೇಲೆ ಬಾಯಿಗೆ ಬರುತ್ತದೆ ಎಂದಮೇಲೆ ಅದು ನಿಜವಾಗಿ ತಲೆಯೇ. ಹೀಗೆ ಒಂದೇ ಶಬ್ದಕ್ಕೆ ಒಂದೇ ಶಾಸ್ತ್ರದೊಳಗೆ ಎರಡು ನೆಲೆ. ಪ್ರಾತಿಶಾಖ್ಯಗಳನ್ನು ನೋಡದೆ ಈ ಶ್ಲೋಕಗಳನ್ನು ಮಾತ್ರ ಓದಿದವರು ತಲೆ ಎಂದು ತಿಳಿದುಕೊಂಡರೆ ಆಶ್ಚರ್ಯವೇನಿಲ್ಲ. ನಿಮ್ಮ ಪರಿಚಿತರ ಮಾತಿಗೂ ಇಂಥದೇ ಯಾವುದೋ ಓದು ಮೂಲವಾಗಿರಬಹುದು.

ಆದರೆ ತಲೆ ಎಂದು ತಿಳಿಯುವುದು ಬೇರೆ, ಮಿದುಳು ಎಂದು ತಿಳಿಯುವುದು ಬೇರೆ. ಮಿದುಳಿಗೆ ಸಂಸ್ಕೃತದಲ್ಲಿ ‘ಮಸ್ತಿಷ್ಕ’ ಎಂಬ ಪ್ರತ್ಯೇಕ ಪದವೇ ಇದೆ. ವರ್ಣೋಚ್ಚಾರಣೆಯ ಸ್ಥಾನಗಳ ಪಟ್ಟಿಯಲ್ಲಿ ಅದು ಬರುವುದಿಲ್ಲ. ದೇಹರಚನೆಯನ್ನು ನೋಡಿದರೂ ಗಟ್ಟಿ ಅಂಗುಳಿನ ಮೂಳೆಯ ಮೇಲೆ ಇರುವುದು ಮೂಗಿನ ಪೊಳ್ಳು. ಮಿದುಳು ಅದಕ್ಕೂ ಮೇಲೆ, ಬುರುಡೆಯ ತಳದ ಮೂಳೆಯ ಆಚೆ. ನಾಲಗೆ ಎಷ್ಟೇ ಸುರುಳಿಯಾದರೂ ಅಲ್ಲಿಗೆ ತಟ್ಟುವುದಿಲ್ಲ. ಅನುವಾದದ ದೋಷವನ್ನೇ ಪ್ರಾಚೀನರ ಗುಪ್ತಜ್ಞಾನ ಎಂದು ಹೊಗಳುವುದು ನನಗೆ ನೋವು ತರುತ್ತದೆ, ಏಕೆಂದರೆ ಅವರು ನಿಜವಾಗಿ ಬರೆದದ್ದು ಅದಕ್ಕಿಂತ ಎಷ್ಟೋ ಮಿಗಿಲು. ಹಾಗೆಯೇ ‘ಭಾರತೀಯರು ಟಕಾರ ಮಿದುಳಿನಲ್ಲಿ ಹುಟ್ಟುತ್ತದೆಂದು ನಂಬಿದ್ದರು’ ಎಂದು ಹಗುರವಾಗಿ ಆಡುವುದೂ ಅಷ್ಟೇ ಅನ್ಯಾಯ. ಇಬ್ಬರೂ ಓದುತ್ತಿರುವುದು ಲ್ಯಾಟಿನ್ ಪದವನ್ನು, ಮೂಲವನ್ನಲ್ಲ.

ವ್ಯುತ್ಪತ್ತಿ ಕೇಳಿದ್ದೀರಿ, ಅದನ್ನೂ ಬಿಡಿಸಿ ನೋಡೋಣ. ‘ಸೆರೆಬ್ರುಮ್’ ಮತ್ತು ಸಂಸ್ಕೃತದ ‘ಶಿರಸ್’ ದೂರದ ದಾಯಾದಿಗಳು. ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ತಲೆ, ಕೊಂಬು ಎಂಬ ಅರ್ಥದ ಒಂದೇ ಧಾತುವಿನಿಂದ ಎರಡೂ ಬಂದಿವೆ. ಇಂಗ್ಲಿಷಿನ ‘ಹಾರ್ನ್’ ಕೂಡ ಅದೇ ಕುಟುಂಬದ್ದು. ಅಂದರೆ ಪಾಣಿನೀಯ ಶಿಕ್ಷೆಯ ಶಿರಸ್ಸಿಗೂ ಸೆರೆಬ್ರಲ್‌ಗೂ ಬೇರಿನಲ್ಲಿ ನಂಟಿದೆ. ಆದರೆ ಬೇರು ಒಂದಾದ ಮಾತ್ರಕ್ಕೆ ಅರ್ಥ ಒಂದಾಗುವುದಿಲ್ಲ. ಲ್ಯಾಟಿನ್ನಿನಲ್ಲಿ ಅದು ಮಿದುಳಿಗೇ ಸೀಮಿತವಾಗಿತ್ತು. ‘ಮೂರ್ಧನ್’ ಪದದ ನಂಟರು ಬೇರೆ. ಹಳೆಯ ಇಂಗ್ಲಿಷಿನಲ್ಲಿ ನೆತ್ತಿಗೆ ‘ಮೊಲ್ಡ’ ಎಂಬ ಪದವಿತ್ತು, ಅದನ್ನು ಮೂರ್ಧನ್ ಜೊತೆ ಇಟ್ಟು ನೋಡುತ್ತಾರೆ. ಆ ಪದ ಇಂಗ್ಲಿಷಿನಲ್ಲಿ ಬದುಕಿ ಉಳಿದಿದ್ದರೆ ಮೂರ್ಧನ್ಯಕ್ಕೆ ಅದರಷ್ಟು ಒಪ್ಪುವ ಜೋಡಿ ಬೇರೊಂದು ಸಿಗುತ್ತಿರಲಿಲ್ಲ.

‘ಸೆರೆಬ್ರಲ್’ ಸರಿಯಿಲ್ಲ ಎಂದು ಕೆಲವರಿಗೆ ಆಗಲೇ ಅನ್ನಿಸಿತ್ತು. ಅಮೆರಿಕದ ವಿಲಿಯಂ ಡ್ವೈಟ್ ವಿಟ್ನಿ ಅವರಲ್ಲಿ ಮುಖ್ಯರು. ಅವರು 1862ರಲ್ಲಿ ಅಥರ್ವವೇದದ ಪ್ರಾತಿಶಾಖ್ಯವನ್ನೂ 1871ರಲ್ಲಿ ತೈತ್ತಿರೀಯ ಪ್ರಾತಿಶಾಖ್ಯವನ್ನೂ ಅನುವಾದದೊಂದಿಗೆ ಪ್ರಕಟಿಸಿದವರು. ಸೂತ್ರವನ್ನು ಮೂಲದಲ್ಲೇ ಕಂಡವರಿಗೆ ‘ಸೆರೆಬ್ರಲ್’ ಹೇಗೆ ರುಚಿಸೀತು? 1879ರಲ್ಲಿ ಮೊದಲು ಪ್ರಕಟವಾದ ತಮ್ಮ ಸಂಸ್ಕೃತ ವ್ಯಾಕರಣದಲ್ಲಿ ಅವರು ಈ ಧ್ವನಿಗಳನ್ನು ‘ಲಿಂಗ್ವಲ್’ ಎಂದು ಕರೆದರು. ನಾಲಗೆಯ ತುದಿ ಮೇಲಕ್ಕೆ ತಿರುಗಿ ಅಂಗುಳಿನ ಗುಮ್ಮಟದತ್ತ ಹಿಂದೆ ಸರಿಯುತ್ತದೆ ಎಂದೂ ವಿವರಿಸಿದರು. ವಿವರಣೆ ಅಚ್ಚುಕಟ್ಟು, ಆದರೆ ಹೆಸರು ನನಗೆ ಒಪ್ಪಿಗೆಯಾಗಲಿಲ್ಲ. ‘ಲಿಂಗ್ವ’ ಎಂದರೆ ನಾಲಗೆ. ಆದರೆ ತ, ದ, ನ, ಚ, ಲ ಇವುಗಳಲ್ಲಿ ನಾಲಗೆಯಿಲ್ಲದೆ ಹುಟ್ಟುವುದು ಯಾವುದು?

ಇಂಗ್ಲೆಂಡಿನ ಹೆನ್ರಿ ಸ್ವೀಟ್ ‘ಇನ್ವರ್ಟೆಡ್’ ಎಂಬ ಪದವನ್ನು ಬಳಸಿದರು. ತಲೆಕೆಳಗಾದದ್ದು, ತಿರುವಿದ್ದು ಎಂದು ಅರ್ಥ. ಇಲ್ಲಿ ಗಮನ ಮೊದಲ ಬಾರಿಗೆ ಜಾಗದಿಂದ ನಾಲಗೆಯ ಭಂಗಿಗೆ ಹೊರಳಿತು. ಇನ್ನು ಕೆಲವರು ಗುಮ್ಮಟ ಎಂಬ ಅರ್ಥದ ‘ಡೋಮ್’ನಿಂದ ‘ಡೋಮಲ್’ ಎಂದು ಕರೆದರು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಕ್ಯಾಕ್ಯೂಮಿನಲ್’. ಲ್ಯಾಟಿನ್ನಿನಲ್ಲಿ ‘ಕಕೂಮೆನ್’ ಎಂದರೆ ಶಿಖರ, ತುದಿ. ಮೂರ್ಧನ್ಯದಲ್ಲಿ ತಲೆಯನ್ನಲ್ಲ, ಶಿಖರವನ್ನು ಕಂಡವರು ಆರಿಸಿಕೊಂಡ ಪದ ಇದು. ಇಟಲಿಯ ಭಾಷಾವಿದರು ಸಿಸಿಲಿ, ಸಾರ್ಡಿನಿಯ ದ್ವೀಪಗಳ ಮಾತಿನಲ್ಲಿ ಬರುವ ಡಕಾರದಂಥ ಧ್ವನಿಯನ್ನು ವಿವರಿಸಲು ಈ ಹೆಸರನ್ನು ಈಗಲೂ ಬಳಸುತ್ತಾರೆ. ಈ ‘ಕಕೂಮೆನ್’ ಪದವನ್ನು ವ್ಯುತ್ಪತ್ತಿಕಾರರು ಹೋಲಿಸುವುದು ಯಾವುದರೊಂದಿಗೆ ಗೊತ್ತೆ? ಸಂಸ್ಕೃತದ ‘ಕಕುದ್’ ಜೊತೆ. ಶಿಖರ ಎಂದೂ ಎತ್ತಿನ ಹಿಣಿಲು ಎಂದೂ ಅದಕ್ಕೆ ಅರ್ಥ. ಮೇಲೆ ಹೇಳಿದ ಮಂತ್ರವನ್ನು ಮತ್ತೊಮ್ಮೆ ಓದಿ ನೋಡಿ: ‘ಅಗ್ನಿರ್ಮೂರ್ಧಾ ದಿವಃ ಕಕುತ್’. ಮೂರ್ಧ ಮತ್ತು ಕಕುತ್ ಒಂದೇ ಸಾಲಿನಲ್ಲಿ, ಒಂದೇ ಅರ್ಥದಲ್ಲಿ, ಅಕ್ಕಪಕ್ಕ ಕುಳಿತಿವೆ. ಸರಿಯಾದ ಅನುವಾದಕ್ಕೆ ಬೇಕಾದ ಸುಳಿವು ಋಗ್ವೇದದಲ್ಲೇ ಇತ್ತು.

ಕೊನೆಗೆ ಗೆದ್ದದ್ದು ‘ರೆಟ್ರೋಫ್ಲೆಕ್ಸ್’. ಲ್ಯಾಟಿನ್ನಿನ ‘ರೆಟ್ರೋ’ ಎಂದರೆ ಹಿಂದಕ್ಕೆ, ‘ಫ್ಲೆಕ್ಟೆರೆ’ ಎಂದರೆ ಬಾಗಿಸು. ಹಿಂದಕ್ಕೆ ಬಾಗಿದ್ದು. ಈ ‘ಫ್ಲೆಕ್ಟೆರೆ’ ನಮಗೆ ಅಪರಿಚಿತವಲ್ಲ. ‘ಫ್ಲೆಕ್ಸಿಬಲ್’, ‘ರಿಫ್ಲೆಕ್ಸ್’ ಎಲ್ಲ ಅದರ ಮಕ್ಕಳು. ವಿಭಕ್ತಿ ಮತ್ತು ಕ್ರಿಯಾರೂಪಗಳನ್ನು ಒಟ್ಟಾಗಿ ಹೇಳುವ ‘ಇನ್‌ಫ್ಲೆಕ್ಷನ್’ ಕೂಡ ಅಲ್ಲಿಂದಲೇ ಬಂತು, ಪದ ಬಾಗುತ್ತದೆ ಎಂಬ ಕಲ್ಪನೆಯಿಂದ. ಈಗ ಈ ಪದವನ್ನು ಪ್ರಾತಿಶಾಖ್ಯದ ‘ಪ್ರತಿವೇಷ್ಟಿತ’ದ ಪಕ್ಕದಲ್ಲಿಡಿ. ‘ಪ್ರತಿ’ ಎಂದರೆ ಹಿಂದಕ್ಕೆ, ‘ವೇಷ್ಟಿತ’ ಎಂದರೆ ಸುತ್ತಿದ್ದು, ಸುರುಳಿಯಾದದ್ದು. ಉಪಸರ್ಗಕ್ಕೆ ಉಪಸರ್ಗ, ಧಾತುವಿಗೆ ಧಾತು. ಒಂದನ್ನು ನೋಡಿ ಇನ್ನೊಂದನ್ನು ಎರಕ ಹೊಯ್ದರು ಎಂದು ನಾನು ಹೇಳುತ್ತಿಲ್ಲ. ಒಂದೇ ನಾಲಗೆಯನ್ನು ಎಚ್ಚರದಿಂದ ನೋಡಿದವರಿಗೆ ಒಂದೇ ಸಂಗತಿ ಕಾಣುತ್ತದೆ. ಚೀನೀ ಭಾಷೆಯಲ್ಲೂ ಇಂಥ ಧ್ವನಿಗಳಿಗೆ ‘ಜುವಾನ್-ಷ-ಯಿನ್’ ಎನ್ನುತ್ತಾರೆ. ಸುರುಳಿಯಾದ ನಾಲಗೆಯ ಧ್ವನಿ ಎಂದೇ ಅರ್ಥ.

ಒಂದು ಕುತೂಹಲದ ಸಂಗತಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ವರ್ಣಪಟ್ಟಿಯನ್ನು ತೆರೆದು ಈಗಿನ ಅಡ್ಡಸಾಲಿನ ಶೀರ್ಷಿಕೆಗಳನ್ನು ಓದುತ್ತ ಹೋಗಿ. ತುಟಿ, ಹಲ್ಲು, ವಸಡಿನ ಉಬ್ಬು, ಅಂಗುಳು, ಮೃದು ಅಂಗುಳು, ಕಿರುನಾಲಗೆ, ಗಂಟಲು ಹೀಗೆ ಎಲ್ಲವೂ ಜಾಗದ ಹೆಸರುಗಳೇ. ನಡುವೆ ‘ರೆಟ್ರೋಫ್ಲೆಕ್ಸ್’ ಒಂದು ಮಾತ್ರ ಜಾಗವನ್ನು ಹೇಳುವುದಿಲ್ಲ, ನಾಲಗೆಯ ಆಕಾರವನ್ನು ಹೇಳುತ್ತದೆ. ಸ್ಥಾನಗಳ ಸಾಲಿನಲ್ಲಿ ಕರಣವೊಂದು ಬಂದು ನಿಂತಿದೆ. ಇದು ದೋಷ ಎಂದು ವಾದಿಸುವವರಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಈ ಧ್ವನಿಗಳ ಜೀವಾಳ ಇರುವುದೇ ಆ ಸುರುಳಿಯಲ್ಲಿ. ದ್ರಾವಿಡ ಭಾಷೆಗಳ ಟಕಾರದಲ್ಲಿ ನಾಲಗೆಯ ಕೆಳಮೈ ಗಟ್ಟಿ ಅಂಗುಳನ್ನು ಮುಟ್ಟಿದರೆ, ಹಿಂದಿಯ ಟಕಾರದಲ್ಲಿ ತುದಿ ಅಷ್ಟು ಹಿಂದೆ ಹೋಗದೆ ವಸಡಿನ ಉಬ್ಬಿನ ಹಿಂಬದಿಯಲ್ಲೇ ನಿಲ್ಲುತ್ತದೆ. ಜಾಗ ಬೇರೆ ಬೇರೆಯಾದರೂ ಎರಡನ್ನೂ ಒಂದೇ ಗುಂಪಿಗೆ ಸೇರಿಸುವುದು ಆ ತಿರುವು.

ಆ ಪಟ್ಟಿಯ ಚಿಹ್ನೆಗಳ ಆಕಾರದಲ್ಲೂ ಅದು ಕಾಣುತ್ತದೆ. ಟಕಾರಕ್ಕೆ ಬರೆಯುವ ರೋಮನ್ ಅಕ್ಷರದ ಬುಡದಲ್ಲಿ ಬಲಕ್ಕೆ ಬಾಗಿದ ಒಂದು ಕೊಕ್ಕೆಯಿರುತ್ತದೆ. ಡ, ಣ, ಳಗಳಿಗೂ ಅದೇ ಕೊಕ್ಕೆ. ಸಂಸ್ಕೃತ ವಿದ್ವಾಂಸರು ಮಾತ್ರ ಇಂದಿಗೂ ಅಕ್ಷರದ ಕೆಳಗೆ ಚುಕ್ಕೆ ಇಡುವ ಪದ್ಧತಿಯನ್ನೇ ಬಳಸುತ್ತಾರೆ. 1894ರಲ್ಲಿ ಜಿನೀವಾದಲ್ಲಿ ನಡೆದ ಪ್ರಾಚ್ಯವಿದ್ವಾಂಸರ ಸಮ್ಮೇಳನ ಅದಕ್ಕೆ ಒಂದು ವ್ಯವಸ್ಥಿತ ರೂಪ ಕೊಟ್ಟಿತು. ಆ ಚುಕ್ಕೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಋಗ್ವೇದದ ಮೊದಲ ಮಾತು ‘ಅಗ್ನಿಮೀಳೇ’. ಅಲ್ಲಿರುವ ಳಕಾರ ಎರಡು ಸ್ವರಗಳ ನಡುವೆ ಡಕಾರ ತಳೆದ ರೂಪ, ರೋಮನ್ ಲಿಪಿಯಲ್ಲಿ ಬರೆದರೆ ಅದರ ಕೆಳಗೊಂದು ಚುಕ್ಕೆ ಬೀಳುತ್ತದೆ.

ಹೆಸರು ಇಷ್ಟೊಂದು ಸುತ್ತಾಡಲು ಇನ್ನೊಂದು ಕಾರಣವಿದೆ. ಇಂಗ್ಲಿಷ್ ಆಡುವವರ ಕಿವಿಗೆ ತಕಾರ ಟಕಾರಗಳ ಭೇದ ಕೇಳಿಸುವುದೇ ಕಷ್ಟ. ಅವರ ಟಕಾರ ಹಲ್ಲಿಗೂ ತಾಗುವುದಿಲ್ಲ, ಸುರುಳಿಯೂ ಆಗುವುದಿಲ್ಲ, ನಡುವೆ ವಸಡಿನ ಉಬ್ಬಿನ ಮೇಲೆ ನಿಲ್ಲುತ್ತದೆ. ನಮ್ಮ ಎರಡು ಧ್ವನಿಗಳೂ ಅವರಿಗೆ ಆ ಒಂದರಂತೆಯೇ ಕೇಳಿಸುತ್ತವೆ. ನಾವು ಮಾತ್ರ ಅವರ ಆ ಧ್ವನಿಯನ್ನು ಟಕಾರವೆಂದೇ ಕೇಳುತ್ತೇವೆ. ಅದಕ್ಕೇ ಟಿಕೆಟ್, ಡಾಕ್ಟರ್, ಮೋಟಾರು ಎಲ್ಲ ನಮ್ಮಲ್ಲಿ ಟವರ್ಗಕ್ಕೆ ಸೇರಿದವು. ಕಲೆ–ಕಳೆ, ಮನೆ–ಮಣೆ, ಹುಲಿ–ಹುಳಿ ಎಂಬ ಜೋಡಿಗಳಲ್ಲಿ ಅರ್ಥವನ್ನೇ ಬದಲಿಸುವ ಈ ತಿರುವು, ಅದನ್ನು ಕೇಳದೆ ಬೆಳೆದ ಕಿವಿಗೆ ಬರಿಯ ಉಚ್ಚಾರಣೆಯ ಏರಿಳಿತ. ಕೇಳಿಸದ ಭೇದಕ್ಕೆ ಹೆಸರಿಡುವವನು ಪುಸ್ತಕವನ್ನೇ ನಂಬಬೇಕಾಗುತ್ತದೆ, ನಾಲಗೆಯನ್ನು ಕೇಳಲು ಅವನಿಗೆ ತೋಚುವುದಿಲ್ಲ. ಹಾಗೆಂದು ಈ ಧ್ವನಿಗಳು ಭಾರತದ ಸ್ವತ್ತು ಎಂದು ತಿಳಿಯಬೇಡಿ. ಸ್ವೀಡಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ರಕಾರದ ಪಕ್ಕ ತಕಾರ ಬಂದರೆ ಎರಡೂ ಕೂಡಿ ಟಕಾರದಂತಾಗುವುದುಂಟು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಲವು ಭಾಷೆಗಳಲ್ಲೂ ಇವು ಧಾರಾಳವಾಗಿವೆ.

ಇನ್ನು ನಿಮ್ಮ ನಿಘಂಟಿನ ವಿಷಯ. ಹಳೆಯ ಪುಸ್ತಕದಲ್ಲಿ ‘ಸೆರೆಬ್ರಲ್’ ಅಥವಾ ‘ಲಿಂಗ್ವಲ್’ ಎಂದು ಕಂಡಲ್ಲೆಲ್ಲ ‘ಮೂರ್ಧನ್ಯ’ ಎಂದು ಓದಿಕೊಳ್ಳಿ, ಎಲ್ಲಿಯೂ ತಪ್ಪಾಗುವುದಿಲ್ಲ. ಹೊಸ ಪುಸ್ತಕದ ‘ರೆಟ್ರೋಫ್ಲೆಕ್ಸ್’ ಎದುರಾದರೂ ಹಾಗೆಯೇ ಮಾಡಬಹುದು, ಒಂದು ಎಚ್ಚರ ಸಾಕು: ಸಂಸ್ಕೃತದ ಪಟ್ಟಿಯಲ್ಲಿ ರಕಾರವೂ ಮೂರ್ಧನ್ಯ, ಆದರೆ ಇಂದು ಕನ್ನಡಿಗರು ಆಡುವ ರಕಾರದಲ್ಲಿ ನಾಲಗೆ ಸುರುಳಿಯಾಗುವುದಿಲ್ಲ, ವಸಡಿನ ಬಳಿ ಕಂಪಿಸುತ್ತದೆ ಅಥವಾ ಒಮ್ಮೆ ತಟ್ಟುತ್ತದೆ. ತೈತ್ತಿರೀಯ ಪ್ರಾತಿಶಾಖ್ಯವೂ ರಕಾರವನ್ನು ಮೂರ್ಧಕ್ಕೆ ಸೇರಿಸದೆ ಹಲ್ಲಿನ ಬುಡದ ಹತ್ತಿರ ಇಟ್ಟಿದೆ. ಕನ್ನಡದಲ್ಲಿ ಬರೆಯುವಾಗ ಯಾವ ಪದ ಬಳಸಬೇಕು ಎಂದು ಕೇಳಿದರೆ, ಅಕ್ಷರಗಳ ಗುಂಪನ್ನು ಹೇಳುವಲ್ಲಿ ‘ಮೂರ್ಧನ್ಯ’ ಎಂದೂ ನಾಲಗೆಯ ಕೆಲಸವನ್ನು ವಿವರಿಸುವಲ್ಲಿ ‘ಪ್ರತಿವೇಷ್ಟಿತ’ ಎಂದೂ ನಾನು ಬರೆಯುತ್ತೇನೆ. ಸ್ಥಾನಕ್ಕೆ ಒಂದು, ಕರಣಕ್ಕೆ ಒಂದು, ಆ ಸೂತ್ರದಲ್ಲಿ ಇದ್ದಂತೆಯೇ.